ಡೇರೆಯ ಮಗ್ಗದಲ್ಲಿ ಅರಳಿದ ಪುಟ್ಟ ರತ್ನಗಂಬಳಿಗಳು

ಇರಾನಿನ ರತ್ನಗಂಬಳಿ ಎಂದೊಡನೆ ಇಸ್ಫಹಾನ್, ಕಾಶಾನ್‌ಗಳ ಹಜಾರ ತುಂಬುವ ನಯವಾದ ಹಾಸುಗಳು ನೆನಪಾಗುತ್ತವೆ. ಅದೇ ದೇಶದ ಕುರಿಗಾಹಿ ಬುಡಕಟ್ಟುಗಳ ಹೆಂಗಸರು ನೇಯ್ದ ಪುಟ್ಟ ಹಾಸು, ಚೀಲ, ದಿಂಬಿನ ಹೊದಿಕೆಗಳ ಚೆಲುವು ಬೇರೆಯೇ ಬಗೆಯದು. ಅರಮನೆಯ ಹಾಸುಗಳಿಗೆ ನಕ್ಷೆಗಾರನಿದ್ದ. ಇವಕ್ಕೆ ನೇಯುವವಳ ನೆನಪೇ ನಕ್ಷೆ.

ಫಾರ್ಸ್ ಪ್ರಾಂತದ ಕಶ್ಕಾಯಿಗಳು, ಜಾಗ್ರೋಸ್ ಬೆಟ್ಟಗಳ ಬಖ್ತಿಯಾರಿಗಳು, ಕೆರ್ಮಾನ್ ಕಡೆಯ ಅಫ್ಶಾರರು, ಖೊರಾಸಾನಿನ ಬಲೂಚರು ಈ ನೇಯ್ಗೆಗೆ ಹೆಸರಾದವರು. ಬೇಸಿಗೆಗೆ ಬೆಟ್ಟ, ಚಳಿಗಾಲಕ್ಕೆ ಬಯಲು ಎಂದು ಮಂದೆಯೊಂದಿಗೆ ಅಲೆಯುವುದು ಇವರ ಪಾರಂಪರಿಕ ಬದುಕು. ಹಾಗಾಗಿ ಮಗ್ಗವೂ ಹಗುರ. ನೆಲಕ್ಕೆ ಗೂಟ ಹೊಡೆದು ನೂಲು ಬಿಗಿದು ನೇಯುತ್ತಾರೆ. ಹೊರಡುವ ದಿನ ಬಿಚ್ಚಿ ಸುತ್ತಿ ಹೇರಿಕೊಳ್ಳುತ್ತಾರೆ. ಉಣ್ಣೆ ಕತ್ತರಿಸುವುದು, ಮಗ್ಗ ಕಟ್ಟುವುದು ಗಂಡಸರ ಕೆಲಸ. ನೂಲುವುದು, ಬಣ್ಣ ಕಟ್ಟುವುದು, ನೇಯುವುದು ಹೆಂಗಸರದು. ತಾಯಿಯ ಪಕ್ಕ ಕೂತು ಮಗಳು ಕಲಿಯುವ ಫಾರ್ಸ್‌ನ ಈ ವಿದ್ಯೆಯನ್ನು ಯುನೆಸ್ಕೋ 2010ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿಕ್ಕ ವಸ್ತುಗಳಲ್ಲಿ ಆಯ್ಕೆ ದೊಡ್ಡದು. ಕುದುರೆ, ಕತ್ತೆಗಳ ಬೆನ್ನಿನ ಎರಡೂ ಬದಿಗೆ ಇಳಿಬಿಡುವ ಜೋಡಿಚೀಲ 'ಖೊರ್ಜಿನ್'. ಉಪ್ಪು ತುಂಬುವ 'ನಮಕ್‌ದಾನ್' ಚೀಲಕ್ಕೆ ಕಿರಿದಾದ ಕತ್ತು, ಕುರಿಮೇಕೆಗಳು ಬಾಯಿ ಹಾಕದಿರಲೆಂದು. ಹೆಗಲಿಗೆ ತೂಗುವ ಪುಟ್ಟ 'ಚಾಂತೆ', ಒರಗುದಿಂಬಿನ ಅಳತೆಯ 'ಪುಶ್ತಿ' ಗೋಡೆಯ ಮೇಲೂ ಒಪ್ಪುತ್ತವೆ. ದಪ್ಪ ಉಣ್ಣೆಯ 'ಗಬ್ಬೆ' ನಮ್ಮ ಕುರುಬರ ಕಂಬಳಿಯಂತೆ ಮೊದಲು ಮೈ ಬೆಚ್ಚಗಿಡಲು ಹುಟ್ಟಿದ್ದು. ವಿಶಾಲವಾದ ಒಂದೇ ಬಣ್ಣದ ಹರವಿನಲ್ಲಿ ಒಂದು ಮರ, ಒಂದು ಮೇಕೆ, ಕೆಲವೊಮ್ಮೆ ಸಿಂಹ. ಮೊಹ್ಸೆನ್ ಮಖ್ಮಲ್‌ಬಾಫ್ 1996ರಲ್ಲಿ ಇದೇ ಹೆಸರಿನ ಚಿತ್ರ ಮಾಡಿದ ಮೇಲೆ ಗಬ್ಬೆ ಜಗತ್ತಿಗೆ ಇನ್ನಷ್ಟು ಪರಿಚಿತವಾಯಿತು.

ಬಣ್ಣದ ಮೂಲ ಗಿಡಮರಗಳೇ. ಮಂಜಿಷ್ಠದ ಕುಲಕ್ಕೆ ಸೇರಿದ 'ರೊನಾಸ್' ಬೇರಿನಿಂದ ಕೆಂಪು, ದಾಳಿಂಬೆ ಸಿಪ್ಪೆಯಿಂದ ಹಳದಿ, ಅಕ್ರೋಟಿನ ಹಸಿ ಸಿಪ್ಪೆಯಿಂದ ಕಂದು, ನೀಲಿಗಿಡದಿಂದ ನೀಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಾಸಾಯನಿಕ ಬಣ್ಣ ಬಂದು ಈ ತಿಳಿವಳಿಕೆಗೆ ಪೆಟ್ಟು ಕೊಟ್ಟಿತು. ಇಪ್ಪತ್ತನೆಯ ಶತಮಾನದ ಕೊನೆಗೆ ಗಬ್ಬೆಯ ನೆಪದಲ್ಲಿಯೇ ಗಿಡಬಣ್ಣಗಳು ಫಾರ್ಸ್‌ನಲ್ಲಿ ಮರಳಿ ಚಿಗುರಿದವು.

ಕೊಳ್ಳಲು ಶಿರಾಜಿನ ವಕೀಲ್ ಬಜಾರ್ ಪ್ರಶಸ್ತ. ಹದಿನೆಂಟನೆಯ ಶತಮಾನದಲ್ಲಿ ಕರೀಮ್ ಖಾನ್ ಜಂದ್ ಕಟ್ಟಿಸಿದ ಇಟ್ಟಿಗೆ ಕಮಾನುಗಳ ಕೆಳಗೆ ಕಶ್ಕಾಯಿ ನೇಯ್ಗೆಯ ರಾಶಿಗಳಿವೆ. 

ಎಲ್ಲಿ ಕೊಂಡರೂ ಮೊದಲು ಹಾಸನ್ನು ಮಗುಚಿ ನೋಡಿ. ಕೈಗಂಟಿನದಾದರೆ ಮುಂಭಾಗದ ಚಿತ್ತಾರ ಹಿಂಭಾಗದಲ್ಲೂ ಗಂಟುಗಂಟಾಗಿ ಸ್ಪಷ್ಟವಾಗಿರುತ್ತದೆ. ತುದಿಯ ಕುಚ್ಚು ಉದ್ದಕ್ಕೆ ಬಿಗಿದ ಹಾಸುನೂಲಿನದೇ ಮುಂದುವರಿಕೆಯಾಗಿರಬೇಕು. ಹೊಲಿದು ಅಂಟಿಸಿದ್ದಾದರೆ ಅನುಮಾನಿಸಿ. ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ, ಬಣ್ಣ ಹತ್ತುತ್ತದೆಯೇ ನೋಡಿ. ಉಣ್ಣೆಯ ಎಳೆಗಳನ್ನು ಬಿಡಿಸಿದಾಗ ತುದಿ ತೀರಾ ಮಾಸಿ ಬುಡ ಕಣ್ಣು ಕುಕ್ಕುವಂತಿದ್ದರೆ ಬಣ್ಣ ನಿಲ್ಲುವಂಥದ್ದಲ್ಲ. ಆದರೆ ಒಂದೇ ಕೆಂಪು ನಡುವೆ ಪಟ್ಟಿಪಟ್ಟಿಯಾಗಿ ಬದಲಾಗಿದ್ದರೆ ಅದನ್ನು ದೋಷವೆನ್ನಬೇಡಿ. ಸ್ವಲ್ಪ ಸ್ವಲ್ಪವೇ ನೂಲಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಣ್ಣ ಕಟ್ಟಿದಾಗ ಬರುವ 'ಅಬ್ರಶ್' ಅದು. ಅಂಚು ಸೊಟ್ಟಗಿರುವುದೂ ಎರಡು ಬದಿಯ ಹೂಗಳು ಹೊಂದದಿರುವುದೂ ಇಲ್ಲಿ ಸಹಜ.

ಬೆಲೆ ಕೇಳುವ ಮುನ್ನ ಯಾವ ಬುಡಕಟ್ಟಿನದು, ಹಾಸುನೂಲು ಉಣ್ಣೆಯದೋ ಹತ್ತಿಯದೋ, ಬಣ್ಣ ಯಾವುದರದು ಎಂದು ಕೇಳಿ. ಬಲ್ಲ ವ್ಯಾಪಾರಿ ಖುಷಿಯಿಂದ ಹೇಳುತ್ತಾನೆ. ಚೌಕಾಸಿ ಅಲ್ಲಿನ ರೂಢಿ, ಮಾಡಿ. ಆದರೆ ಒಂದೊಂದೇ ಗಂಟು ಕಟ್ಟಿದ ಕೈಗಳ ದುಡಿಮೆಯನ್ನು ಮರೆತು ಮಾಡಬೇಡಿ. ದೊಡ್ಡದೊಂದು ಯಂತ್ರದ ಹಾಸಿನ ಬದಲು ಕೈನೇಯ್ಗೆಯ ಚಿಕ್ಕದೊಂದನ್ನು ಮನೆಗೆ ತನ್ನಿ: ಇಂಥದ್ದನ್ನು ಕೊಳ್ಳುವವರು ಇದ್ದರಷ್ಟೇ ಮಗಳು ಮಗ್ಗದ ಮುಂದೆ ಕೂರುತ್ತಾಳೆ.