ಬೆರಳೆತ್ತರದ ನೀರು ಅರಸಿ ಬರುವ ಹಕ್ಕಿಗಳು

ಕಲಬುರಗಿ ಜಿಲ್ಲೆಯ ಮುಧೋಳ, ಸೇಡಂ, ಚಿತ್ತಾಪುರ ಸೀಮೆಯ ಎರೆ ಹೊಲಗಳಲ್ಲಿ ತೊಗರಿ ಹೂವಿಗೆ ಬರುವ ಹೊತ್ತಿಗೆ ಉತ್ತರ ಧ್ರುವದಂಚಿನ ಟಂಡ್ರಾ ಬಯಲು ಹಿಮದಡಿ ಸೇರಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮರಿ ಮಾಡಿದ ಲಿಟಲ್ ಸ್ಟಿಂಟ್ ಹಕ್ಕಿಗಳು ಅಷ್ಟರಲ್ಲಾಗಲೇ ಭಾರತದ ಒಳನಾಡಿನ ಕೆರೆಯಂಗಳಗಳಲ್ಲಿ ಹುಳ ಹೆಕ್ಕುತ್ತಿರುತ್ತವೆ. ತೂಕ ಸುಮಾರು 25 ಗ್ರಾಂ, ಗುಬ್ಬಚ್ಚಿಯಷ್ಟೇ. ಅವು ಬರುವುದು ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳನ್ನು ದಾಟುವ ಮಧ್ಯ ಏಷ್ಯಾದ ವಲಸೆ ಹಾದಿಯಲ್ಲಿ.

ಇಂಥ ದಡದ ಹಕ್ಕಿಗಳಿಗೆ ಕೊಬ್ಬೇ ಇಂಧನ. ಹೊರಡುವ ಮುನ್ನ ಕೆಲವು ಜಾತಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಾರ್-ಟೇಲ್ಡ್ ಗಾಡ್‌ವಿಟ್ ಹಕ್ಕಿಯಂತೂ ಭಾರ ಇಳಿಸಲು ತನ್ನ ಜಠರ, ಕರುಳುಗಳನ್ನೇ ಕುಗ್ಗಿಸಿಕೊಂಡು ಹಾರುತ್ತದೆ. 2022ರಲ್ಲಿ ಈ ಜಾತಿಯ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ದೂರವನ್ನು 11 ದಿನಗಳಲ್ಲಿ, ಎಲ್ಲೂ ಇಳಿಯದೆ ಕ್ರಮಿಸಿತು. ಹೀಗೆ ಬರಿದಾದ ಒಡಲನ್ನು ಮತ್ತೆ ತುಂಬಿಕೊಳ್ಳಲು ಇಳಿದ ಜಾಗದಲ್ಲಿ ಮೇವು ಸಿಗಲೇಬೇಕು.

ಮೇವಿನ ಲೆಕ್ಕ ನಿಂತಿರುವುದು ನೀರಿನ ಆಳದ ಮೇಲೆ. ಈ ಹಕ್ಕಿಗಳಲ್ಲಿ ಬಹುಪಾಲು ಈಜಿ ಉಣ್ಣುವುದಿಲ್ಲ, ನಡೆದು ಉಣ್ಣುತ್ತವೆ. ಸ್ಟಿಂಟ್‌ಗೆ ಬೆರಳೆತ್ತರದ ನೀರೂ ಹೆಚ್ಚೇ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಗೇಣು ಆಳಕ್ಕೂ ಇಳಿಯಬಲ್ಲದು. ಗದ್ದೆ ಗೊರವಗಳ ಬಂಧುಗಳಾದ ಹಲವು ಹಕ್ಕಿಗಳ ಕೊಕ್ಕಿನ ತುದಿಯಲ್ಲಿ ಒತ್ತಡ, ಕಂಪನ ಗ್ರಹಿಸುವ ಸೂಕ್ಷ್ಮ ಅಂಗಗಳಿವೆ. ಕಣ್ಣಿಗೆ ಕಾಣದ ಹುಳವನ್ನು ಅವು ಕೆಸರಿನೊಳಗೆ ಕೊಕ್ಕು ಇಳಿಸಿಯೇ ಪತ್ತೆ ಮಾಡುತ್ತವೆ. ಕೆಸರು ಒಣಗಿ ಗಟ್ಟಿಯಾದರೆ ಆ ಕೊಕ್ಕು ನಿಷ್ಪ್ರಯೋಜಕ.

ಆದ್ದರಿಂದ ಬೆಣ್ಣೆತೊರಾ, ಚಂದ್ರಂಪಳ್ಳಿ, ಕೆಳದಂಡೆ ಮುಲ್ಲಾಮಾರಿಯಂಥ ಜಲಾಶಯಗಳು ತುಂಬಿ ತುಳುಕುವಾಗ ಈ ಹಕ್ಕಿಗಳಿಗೆ ಜಾಗ ಕಡಿಮೆ. ಮಳೆ ನಿಂತು ನೀರು ನಿಧಾನವಾಗಿ ಹಿಂದೆ ಸರಿದಂತೆ ದಿನಕ್ಕೊಂದು ಹೊಸ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ. ಊಟದ ಸಾಲು ಅದರೊಟ್ಟಿಗೇ ಸರಿಯುತ್ತದೆ. ನೀರು ಒಮ್ಮೆಲೇ ಇಳಿದರೆ ಎರೆ ಮಣ್ಣು ಬಿರುಕು ಬಿಟ್ಟು ಮೇವು ಕೈತಪ್ಪುತ್ತದೆ.

ಶಹಾಬಾದ್, ವಾಡಿ ಸುತ್ತ ಫರಸಿ ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲೂ ನೀರು ನಿಲ್ಲುತ್ತದೆ. ಆದರೆ ಅವುಗಳ ಅಂಚು ಗೋಡೆಯಂತೆ ಕಡಿದು. ನೀರುಕಾಗೆ, ಮಿಂಚುಳ್ಳಿಗೆ ಅದು ಒಗ್ಗೀತು. ದಡದಲ್ಲಿ ನಡೆಯುವ ಹಕ್ಕಿಗೆ ಕಾಲೂರಲು ಜಾಗವಿಲ್ಲ.

ಹೊಲಗಳ ಕಥೆ ಇನ್ನೊಂದು ಬಗೆಯದು. ಪೆಸಿಫಿಕ್ ಗೋಲ್ಡನ್ ಪ್ಲವರ್, ನಮ್ಮ ಟಿಟ್ಟಿಭ ಮುಂತಾದವು ದೊಡ್ಡ ಕಣ್ಣುಗಳನ್ನು ನೆಚ್ಚಿಕೊಂಡ ಬೇಟೆಗಾರರು. ನಾಲ್ಕು ಹೆಜ್ಜೆ ಓಡಿ, ನಿಂತು, ಹುಳ ಅಲುಗಿದ್ದು ಕಂಡೊಡನೆ ಕುಕ್ಕುತ್ತವೆ. ಅವಕ್ಕೆ ಹರಗಿದ ಹೊಲ, ಕುರುಚಲು ಹುಲ್ಲಿನ ಬಯಲು ಸಾಕು. ಎದೆಯೆತ್ತರ ಬೆಳೆದ ತೊಗರಿಯೊಳಗೆ ಅವುಗಳ ನೋಟ ಹಾಯುವುದಿಲ್ಲ. ಅತ್ತ ಕೃಷ್ಣಾ ನೀರು ಹರಿದ ಶಹಾಪುರ, ಸುರಪುರದ ಭತ್ತದ ಗದ್ದೆಗಳು ವುಡ್ ಸ್ಯಾಂಡ್‌ಪೈಪರ್‌ನಂಥ ಕೆಸರು ಹಕ್ಕಿಗಳಿಗೆ ಬದಲಿ ಜೌಗಾಗಬಲ್ಲವು. ಕೀಟನಾಶಕ ಅತಿಯಾದರೆ ಹಸಿರು ಗದ್ದೆಯೂ ಖಾಲಿ ತಟ್ಟೆಯೇ.

ಎಲ್ಲ ಜಾತಿಗಳೂ ಹೀಗೆ ಹೊಂದಿಕೊಳ್ಳಲಾರವು. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ತನ್ನ ಕೆಂಪುಪಟ್ಟಿಯಲ್ಲಿ 16 ವಲಸೆ ದಡಹಕ್ಕಿಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿತು. ನಮ್ಮ ದೇಶಕ್ಕೂ ಬರುವ ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲವರ್ ಅವುಗಳಲ್ಲಿವೆ. ಅಳಿದೇ ಹೋದ ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಖಚಿತವಾಗಿ ಕೊನೆಯ ಸಲ ಕಂಡದ್ದು 1995ರಲ್ಲಿ, ಮೊರಾಕ್ಕೊದಲ್ಲಿ. ಜೌಗುಗಳನ್ನು ಬಸಿದು ಹೊಲ ಮಾಡಿದ್ದು, ಬೇಟೆಯಾಡಿದ್ದು ಅದರ ಅಳಿವಿಗೆ ಸಂಭಾವ್ಯ ಕಾರಣಗಳೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ಉಳಿದ ಹಕ್ಕಿಗಳನ್ನು ಕಾಯುವ ದಾರಿಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ನಡೆದಿರುವ ‘ಬರ್ಡ್‌ರಿಟರ್ನ್ಸ್’ ಯೋಜನೆ, ವಲಸೆಯ ಕೆಲವು ವಾರ ಮಾತ್ರ ಗದ್ದೆಯಲ್ಲಿ ತೆಳ್ಳಗೆ ನೀರು ನಿಲ್ಲಿಸುವ ಭತ್ತದ ರೈತರಿಗೆ ಹಣ ಕೊಡುತ್ತದೆ. ಕರ್ನಾಟಕದಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿದವು. ಪಟ್ಟಿಯಲ್ಲಿಲ್ಲದ ಊರ ಕೆರೆಗಳಿಗೂ ಮಾಡಬಹುದಾದ್ದಿದೆ: ಹೂಳೆತ್ತುವಾಗ ನಾಲ್ಕೂ ದಡಗಳನ್ನು ಕಡಿದಾಗಿ ಕೊರೆಯದೆ ಒಂದು ಬದಿಯನ್ನಾದರೂ ಇಳಿಜಾರಾಗಿ ಉಳಿಸುವುದು, ಆ ಬದಿಗೆ ಜಾಲಿ ಹಬ್ಬದಂತೆ ನೋಡಿಕೊಳ್ಳುವುದು. ದನಕರುಗಳು ನೀರಿಗಿಳಿಯುವುದಕ್ಕೂ ಅದೇ ಇಳಿಜಾರು ಬೇಕು.