ದೇಹದ ಶಾಖ: ಜಮೆ ಮತ್ತು ಖರ್ಚು

ಉಂಡ ಆಹಾರವು ದಹಿಸಿದಂತೆಲ್ಲ ಪ್ರಾಣಿಯ ದೇಹದಲ್ಲಿ ಶಾಖವು ಜಮೆಯಾಗುತ್ತಿರುತ್ತದೆ. ಯಕೃತ್ತು, ಸ್ನಾಯು ಮೊದಲಾದೆಡೆ ಹುಟ್ಟಿದ ಈ ಶಾಖವನ್ನು ರಕ್ತವು ಹೊತ್ತು ಚರ್ಮಕ್ಕೆ ತಲಪಿಸುತ್ತದೆ; ಅಲ್ಲಿಂದ ಅದು ಗಾಳಿಗೆ ಸೇರುತ್ತದೆ. ಜಮೆಯಷ್ಟೇ ಖರ್ಚೂ ಆದಾಗ ಮಾತ್ರ ಮನುಷ್ಯನ ಮೈ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲುತ್ತದೆ.

ಖರ್ಚಿನ ಮಾರ್ಗ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಆನೆಯು ರಕ್ತನಾಳಗಳು ತುಂಬಿದ ಅಗಲವಾದ ಕಿವಿಗಳನ್ನು ಬೀಸುತ್ತದೆ. ನಾಯಿಯು ನಾಲಗೆ ಚಾಚಿ ಏದುಸಿರು ಬಿಡುತ್ತದೆ. ಬೆವರುಗ್ರಂಥಿಗಳು ವಿರಳವಾದ ಎಮ್ಮೆಯು ಕೆಸರಿನಲ್ಲಿ ಹೊರಳುತ್ತದೆ. ಮನುಷ್ಯನಿಗೆ ಸೆಕೆಯಲ್ಲಿ ಬೆವರೇ ಆಧಾರ. ಒಂದು ಲೀಟರು ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ.

ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಮುಂಬಯಿ, ಚೆನ್ನೈಗಳ ತೇವಭರಿತ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ನಷ್ಟವಾದರೂ ಮೈ ತಂಪಾಗದು. ಒಣಹವೆಯ ಬಯಲುಸೀಮೆಯಿಂದ ಬೇಸಗೆಯಲ್ಲಿ ಮಕ್ಕಳ ಮನೆಗೆ ಬಂದ ವೃದ್ಧರಿಗೆ ಮೊದಲ ದಿನಗಳು ವಿಶೇಷ ಕಠಿಣ.

ಮೈಶಾಖವು 40 ಡಿಗ್ರಿ ಮೀರಿ ಮಾತು ತಡವರಿಸಿದರೆ ಅದು ಬರಿಯ ಆಯಾಸವಲ್ಲ, ಉಷ್ಣಾಘಾತ. ಬೆವರು ಇದ್ದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ತತ್‌ಕ್ಷಣ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.