ಹೊಳೆ ಇಳಿದ ಮೇಲೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ದಡ ಮೀರಿ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ಪಶ್ಚಿಮಘಟ್ಟದ ಮಳೆಗೆ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರೂ ಸೇರಿಕೊಂಡಿತ್ತು. ವಿರೂಪಾಕ್ಷ, ಸಂಗಮೇಶ್ವರ ಗುಡಿಗಳು ಕೆಂಪು ನೀರಿನ ನಡುವೆ ನಿಂತವು. ಆಮೇಲೆ ಹೊಳೆ ಇಳಿಯಿತು, ಗುಡಿಗಳು ನಿಂತೇ ಇದ್ದವು. ಗಂಡಾಂತರ ಕಳೆಯಿತೆಂದು ನಾವು ಉಸಿರು ಬಿಟ್ಟೆವು. ಕಲ್ಲಿನ ಕಷ್ಟ ಶುರುವಾಗುವುದು ಮಾತ್ರ ನೀರು ಇಳಿದ ಮೇಲೆ.

ಕಂಚಿಯ ಪಲ್ಲವರ ಮೇಲೆ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಸಾಧಿಸಿದ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ಗುಡಿ. ಎಂಟನೇ ಶತಮಾನದ ಆ ಶಿಲ್ಪಿಗಳ ಉಳಿಗೆ ಒದಗಿದ್ದು ಬಾದಾಮಿ ಸೀಮೆಯ ಮರಳುಗಲ್ಲು. ಮರಳಿನ ಕಣಗಳು ಪದರ ಪದರವಾಗಿ ಕೂತು, ಸಿಲಿಕಾ ಮತ್ತು ಕಬ್ಬಿಣದ ಆಕ್ಸೈಡ್‌ನ ಅಂಟಿನಿಂದ ಬಿಗಿದುಕೊಂಡು ಆದ ಕಲ್ಲು ಇದು. ಕೆಂಪು ಬಣ್ಣ ಕಬ್ಬಿಣದ ಕೊಡುಗೆ. ಕಣ ಕಣದ ನಡುವೆ ಕಣ್ಣಿಗೆ ಕಾಣದ ಸಂದುಗಳಿವೆ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ ಈ ಸಂದುಗಳು ನೆಲದ ನೀರನ್ನು ಗೋಡೆಗೆ ಏರಿಸುತ್ತವೆ.

ನೀರಿನ ಜೊತೆ ಮಣ್ಣಿನ ಲವಣವೂ ಏರುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಲವಣ ಉಳಿದು ಹರಳುಗಟ್ಟುತ್ತದೆ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪು ಅರಳಿ ಗಿಲಾವು ಉದುರುವುದು ಹೀಗೆಯೇ. ಸೋಡಿಯಂ ಸಲ್ಫೇಟ್‌ನಂಥ ಲವಣ ಇನ್ನೂ ಪುಂಡ. ಒಣಗಿದ್ದಾಗ ಹಿಡಿಯುವ ಜಾಗಕ್ಕಿಂತ ನಾಲ್ಕು ಪಟ್ಟು ಜಾಗ ಅದಕ್ಕೆ ನೀರು ಹೀರಿ ಹರಳಾದಾಗ ಬೇಕು. ಇಕ್ಕಟ್ಟಾದ ಸಂದಿನಲ್ಲಿ ಅದು ಹಿಗ್ಗಿದರೆ ಕಣಗಳ ಅಂಟು ಬಿಡುತ್ತದೆ. ಬ್ರಿಟನ್ನಿನಂಥ ಚಳಿ ನಾಡಿನಲ್ಲಿ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕಲ್ಲು ಒಡೆಯುತ್ತದೆ. ಬಾಗಲಕೋಟೆಯ ಬಿಸಿಲಿನಲ್ಲಿ ಆ ಕೆಲಸಕ್ಕೆ ಉಪ್ಪೇ ಸಾಕು.

ಹಾಗಾದರೆ ಮದ್ದೇನು? ಭಟ್ಟಿ ಇಳಿಸಿದ ನೀರಿನಲ್ಲಿ ಕಾಗದದ ತಿರುಳನ್ನು ನೆನೆಸಿ, ಕುರುವಿಗೆ ಪಟ್ಟು ಹಾಕಿದಂತೆ ಕಲ್ಲಿಗೆ ಮೆತ್ತುತ್ತಾರೆ. ಅದು ಒಣಗುತ್ತಾ ಒಳಗಿನ ಉಪ್ಪನ್ನು ಹೊರಗೆಳೆದುಕೊಳ್ಳುತ್ತದೆ. ಬಿರುಕು ಮುಚ್ಚಲು ಸಿಮೆಂಟ್ ಸಲ್ಲದು. ಅದು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡದು, ಸಾಲದ್ದಕ್ಕೆ ತನ್ನ ಲವಣವನ್ನೂ ಸೇರಿಸುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಸವೆಯಬೇಕಾಗಿ ಬಂದರೆ ಕಲ್ಲನ್ನು ಉಳಿಸಿ ತಾನು ಸವೆಯುತ್ತದೆ. ಬಿದ್ದದ್ದನ್ನೆಲ್ಲ ಮತ್ತೆ ಕಟ್ಟುವುದೂ ರಕ್ಷಣೆಯಲ್ಲ. ಇರುವುದನ್ನು ಇರುವಂತೆ ಉಳಿಸಿ, ಹೊಸದನ್ನು ಸೇರಿಸಿ ಹಳೆಯದೆಂದು ತೋರಿಸಬೇಡಿ ಎಂಬುದು ಪುರಾತತ್ವ ಸರ್ವೇಕ್ಷಣಾ ಇಲಾಖೆಗಾಗಿ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಕೈಪಿಡಿಯ ತಿರುಳು. ಮಂಟಪ ಕಳೆದುಕೊಂಡ ಪಟ್ಟದಕಲ್ಲಿನ ಗಳಗನಾಥ ಗುಡಿ ಇಂದಿಗೂ ಮಂಟಪವಿಲ್ಲದೆಯೇ ನಿಂತಿದೆ.

ಔಷಧಿಯಷ್ಟೇ ಮುಖ್ಯ ಪಥ್ಯ. ಅದು ಕಾನೂನಿನ ಪಾಲು. ಬ್ರಿಟನ್ನಿನಲ್ಲಿ 1882ರಲ್ಲೇ ಸ್ಮಾರಕ ಕಾಯ್ದೆ ಬಂದಿತ್ತು, ಆದರೆ ಮಾಲೀಕ ಒಪ್ಪದಿದ್ದರೆ ಅದರ ಕೈ ಕಟ್ಟಿಹೋಗುತ್ತಿತ್ತು. ಭಾರತದಲ್ಲಿ 1904ರ ಕಾಯ್ದೆಗೆ ಕಾರಣನಾದ ವೈಸರಾಯ್ ಕರ್ಜನ್, ತವರಿಗೆ ಮರಳಿದ ಮೇಲೆ ಅಲ್ಲೂ ಬಿಗಿ ಕಾನೂನು ಬೇಕೆಂದು ದನಿಯೆತ್ತಿದ. 1913ರಲ್ಲಿ ಅದು ಬಂತು. ನಮ್ಮ ಇಂದಿನ ಆಧಾರ 1958ರ ಕಾಯ್ದೆ. ಅದರ 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ಕಟ್ಟಡಕ್ಕೆ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಬ್ರಿಟನ್ ಇನ್ನೊಂದು ದಾರಿಯನ್ನೂ ಹಿಡಿಯಿತು. ಇಂಗ್ಲೆಂಡಿನಲ್ಲಿ 1990ರಿಂದ, ಕಟ್ಟಡಕ್ಕೆ ಪರವಾನಗಿ ಕೊಡುವ ಮುನ್ನವೇ ನೆಲದಡಿ ಏನಿದೆಯೆಂದು ನೋಡುವ, ಉತ್ಖನನದ ಖರ್ಚನ್ನು ಕಟ್ಟುವವನೇ ಹೊರುವ ಪದ್ಧತಿ ಬೆಳೆಯಿತು. ಇಲ್ಲಿ ಅಳತೆಪಟ್ಟಿ ಮೊದಲು, ಅಲ್ಲಿ ತಪಾಸಣೆ ಮೊದಲು.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಯುನೆಸ್ಕೊ ಲೆಕ್ಕದಲ್ಲಿ ತಾಣದ ವಿಸ್ತಾರ 5.56 ಹೆಕ್ಟೇರ್. ಅದನ್ನು ಕಾಪಾಡಲು ಗುರುತಿಸಿದ ಸುತ್ತಣ ವಲಯ 113.45 ಹೆಕ್ಟೇರ್, ಅಂದರೆ ಇಪ್ಪತ್ತು ಪಟ್ಟು. ಆ ವಲಯ ಖಾಲಿ ಬಯಲಲ್ಲ. ಅಲ್ಲಿ ಹೊಲವಿದೆ, ಊರಿದೆ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ, ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯದರ ದುರಸ್ತಿಗೂ ಅನುಮತಿ ಬೇಕು. ಗುಡಿಯ ದೃಷ್ಟಿಯಿಂದ ಇದು ಸರಿಯೇ. ಆದರೆ ಪ್ರವಾಹಕ್ಕೆ ಗೋಡೆ ಕುಸಿದವರಿಗೆ ಅನುಮತಿಗಾಗಿ ಕಾಯುವ ಒಂದೊಂದು ತಿಂಗಳೂ ಭಾರ.

ಇಷ್ಟೆಲ್ಲ ಗೆರೆ ಎಳೆದ ಮೇಲೂ ಮಲಪ್ರಭೆ ಯಾವ ಗೆರೆಗೂ ಸಿಗದು. ಅದು ಹುಟ್ಟುವುದು ದೂರದ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅದಕ್ಕೆ ತಡೆಯಿರುವುದು ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ. ಹಾಗಾಗಿ ಪಟ್ಟದಕಲ್ಲಿನ ಕಾವಲು ಆ ಅಣೆಕಟ್ಟೆಯ ಗೇಟಿನಿಂದಲೇ ಶುರುವಾಗಬೇಕು. ನೀರು ಬಿಡುವ ಸುದ್ದಿ ಗುಡಿಯ ಕಾವಲುಗಾರನಿಗೂ ಊರಿನವರಿಗೂ ಒಟ್ಟಿಗೇ ತಲುಪಬೇಕು; ಹೊಳೆ ಇಳಿದ ಮೇಲೆ ಗೋಡೆಯ ತೇವ ಅಳೆಯುವವರು ಬಂದಂತೆ ಮನೆಯ ದುರಸ್ತಿಗೆ ಒಪ್ಪಿಗೆ ಕೊಡುವವರೂ ಬರಬೇಕು. ಲೋಕಮಹಾದೇವಿಯ ಗುಡಿಗೂ ಪಕ್ಕದ ಓಣಿಯ ಮನೆಗೂ ಅಂದು ನುಗ್ಗಿದ್ದು ಒಂದೇ ನೀರು.